‘ಇವತ್ತು’ ಪೇಪರಿಗೆ ಓನರ್ ಹೇಗಾಗುತ್ತೆ?

ನಮಸ್ಕಾರ. ಮೊನ್ನೆ ನಮ್ಮಕ್ಕನ ಮಗಳು ಇಂಗ್ಲಿಷ್ ವರ್ಕ್‌ಬುಕ್ ಹಿಡಿದುಕೊಂಡು ಬಂದಳು. ಪದದ ಕೊನೆಗೆ ಅಪಾಸ್ಟ್ರಫಿ ಎಸ್ (’s) ಬಂದರೆ ಒಡೆತನ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಉದಾಹರಣೆ: ಟುಡೇಸ್ ಪೇಪರ್. “ಮಾಮ, ‘ಇವತ್ತು’ ಪೇಪರಿಗೆ ಓನರ್ ಹೇಗಾಗುತ್ತೆ?” ಅಂತ ಕೇಳಿದಳು.

ಮಗು ಕೇಳಿದ್ದು ಸರಿ ಇದೆ. ಸರಿ ಇಲ್ಲದಿರೋದು ಪಾಠ.

ಅಪಾಸ್ಟ್ರಫಿ ಎಸ್ ಹೇಳುವುದು ಇಷ್ಟೇ: ಈ ಎರಡಕ್ಕೂ ಏನೋ ನಂಟಿದೆ. ಎಂಥ ನಂಟು ಅನ್ನೋದನ್ನು ಮುಂದಿನ ಪದ ಮತ್ತು ಸಂದರ್ಭ ತೀರ್ಮಾನ ಮಾಡುತ್ತವೆ. ‘ರವೀಸ್ ಬ್ರದರ್’ ಅಂದರೆ ಯೋಚನೆಯೇ ಬೇಡ, ನಂಟು ಆ ಪದದೊಳಗೇ ಕೂತಿದೆ. ‘ರವೀಸ್ ಕಾರ್’ ಅಂದಾಗ ಮೊದಲು ಹೊಳೆಯುವುದು ಅವನ ಸ್ವಂತ ಕಾರು. ಅದನ್ನೇ ರೇಸ್ ನೋಡುತ್ತಾ ಹೇಳಿ, ಅವನು ಓಡಿಸುತ್ತಿರೋ ಕಾರು ಅಂತಾಗುತ್ತೆ. ‘ಮೈ’ ಅನ್ನೋ ಪದದ ಕಥೆಯೂ ಇದೇ: ಏರ್‌ಪೋರ್ಟಿನಲ್ಲಿ ‘ಮೈ ಫ್ಲೈಟ್’ ಅಂದರೆ ನಾನು ಹತ್ತಬೇಕಾದ ವಿಮಾನ, ಅಷ್ಟೇ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಫೋಟೋದ್ದು. ‘ಸ್ಮಿತಾಸ್ ಫೋಟೋ’ ಅಂದರೆ ಏನು? ಅವಳು ತೆಗೆದದ್ದಾ? ಅವಳು ಇರೋದಾ? ಅವಳ ಹತ್ತಿರ ಇರೋದಾ? ಪಾಸ್‌ಪೋರ್ಟ್ ಅರ್ಜಿ ಎದುರಿಗಿದ್ದರೆ ಅವಳ ಮುಖ. ಫೋಟೋಗ್ರಫಿ ಸ್ಪರ್ಧೆಯಲ್ಲಾದರೆ ಅವಳ ಕೈಚಳಕ. ಇದನ್ನು ಬಿಡಿಸಿ ಹೇಳೋಕೆ ಇಂಗ್ಲಿಷಿನಲ್ಲಿ ಒಂದು ದಾರಿ ಇದೆ. ‘ಎ ಫೋಟೋ ಆಫ್ ಸ್ಮಿತಾ’ ಅಂದರೆ ಫೋಟೋದಲ್ಲಿ ಅವಳೇ ಇದ್ದಾಳೆ. ‘ಎ ಫೋಟೋ ಆಫ್ ಸ್ಮಿತಾಸ್’ ಅಂದರೆ ಸಾಮಾನ್ಯವಾಗಿ ಅವಳು ತೆಗೆದದ್ದು, ಇಲ್ಲ ಅವಳ ಹತ್ತಿರ ಇರೋದು. ಕೊನೆಗೊಂದು ಎಸ್ ಸೇರಿತು, ಸ್ಮಿತಾ ಫೋಟೋದಿಂದ ಈಚೆ ಬಂದಳು! ಇದನ್ನಲ್ವಾ ಮಕ್ಕಳಿಗೆ ತೋರಿಸಬೇಕಾದ್ದು?

ಇದೇನು ಹೊಸ ವಿಷಯ ಅಲ್ಲ. ಚಾರ್ಲ್ಸ್ ಫ್ರೈಸ್ ಅನ್ನೋ ಅಮೆರಿಕದ ಭಾಷಾತಜ್ಞರು 1940ರಷ್ಟು ಹಿಂದೆಯೇ ಇಂಥ ಪ್ರಯೋಗಗಳನ್ನು ಎಣಿಸಿ ನೋಡಿದರು. ನಿಜವಾದ ಒಡೆತನ ಸಿಕ್ಕಿದ್ದು ನೂರಕ್ಕೆ 40ರಲ್ಲಿ ಮಾತ್ರ.

ಇನ್ನೊಂದು ಮಾತು. ಕನ್ನಡ ಮೇಷ್ಟ್ರು ವಿಭಕ್ತಿ ಪಟ್ಟಿ ಬಾಯಿಪಾಠ ಮಾಡಿಸಿದ್ದು ನೆನಪಿದೆಯಾ? ಷಷ್ಠಿ, ‘ಅ’ ಪ್ರತ್ಯಯ, ಅದರ ಎದುರಿಗೆ ‘ಸಂಬಂಧ’. ಒಡೆತನ ಅಂತ ಇರಲಿಲ್ಲ! ಇವತ್ತಿನ ಪೇಪರ್, ಡಾಕ್ಟರ ಸಲಹೆ, ಮಕ್ಕಳ ಕಥೆ, ಎಲ್ಲವೂ ಆ ಒಂದು ಪದದಡಿ ಸಲೀಸಾಗಿ ಕೂರುತ್ತವೆ. ಅಷ್ಟು ಚೆನ್ನಾದ ಪದ ಮಕ್ಕಳ ಬಾಯಲ್ಲೇ ಇರುವಾಗ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅದನ್ನು ಮರೆಸಿ ಓನರ್ ಹುಡುಕು ಅನ್ನೋದು ನನಗೆ ನಿಜಕ್ಕೂ ಬೇಜಾರು ತರುತ್ತೆ.

ಇಂಗ್ಲಿಷ್ ಕಲಿಸುವವರನ್ನು ನಾನು ಕೇಳಿಕೊಳ್ಳೋದು ಒಂದೇ. ‘ಸ್ಮಿತಾಸ್ ಫೋಟೋ’ ಅಂತ ಎರಡು ಪದ ಸುಮ್ನೆ ಬೋರ್ಡಿನ ಮೇಲೆ ಬರೆಯಬೇಡಿ. ಯಾರು, ಯಾರಿಗೆ, ಎಲ್ಲಿ ನಿಂತು ಹೇಳಿದರು ಅನ್ನೋದನ್ನೂ ಜೊತೆಗೆ ಬರೆಯಿರಿ. ಆಮೇಲೆ ಅರ್ಥ ಕೇಳಿ.