ಹೈಟಿಯ ರೈತ ಕೂಡಿಟ್ಟದ್ದು ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ. ಕೆರಿಬಿಯನ್ ಸಮುದ್ರದ ದ್ವೀಪವೊಂದರ ಪಶ್ಚಿಮ ಭಾಗದಲ್ಲಿರುವ ದೇಶ ಹೈಟಿಯ ಹೆಸರು ನಮ್ಮ ಕಿವಿಗೆ ಬೀಳುವುದೇ ಭೂಕಂಪ, ಚಂಡಮಾರುತ ಬಂದಾಗ. ಹಾಗಾಗಿ ಅಲ್ಲಿಯ ಬಡತನಕ್ಕೆ ಪ್ರಕೃತಿಯೇ ಕಾರಣ ಎಂದುಕೊಂಡುಬಿಡುತ್ತೇವೆ. ಅದೇ ದ್ವೀಪದ ಪೂರ್ವ ಭಾಗದಲ್ಲಿರುವ ಡೊಮಿನಿಕನ್ ಗಣರಾಜ್ಯಕ್ಕೂ ಚಂಡಮಾರುತ ಬಡಿಯುತ್ತದೆ. ಆದರೂ ಅಲ್ಲಿಯ ತಲಾ ಆದಾಯ ಹೈಟಿಗಿಂತ ಹಲವು ಪಟ್ಟು ಹೆಚ್ಚು. ಹೈಟಿಯ ರೈತ ದುಡಿದು ಕೂಡಿಟ್ಟದ್ದು ಅವನ ಕೈಯಲ್ಲಿ ನಿಲ್ಲಲೇ ಇಲ್ಲ. ನನ್ನ ಪ್ರಕಾರ ಬಡತನದ ಬೇರು ಅಲ್ಲಿದೆ.

ಹೈಟಿ ಫ್ರಾನ್ಸಿನ ವಸಾಹತಾಗಿತ್ತು. ಅಲ್ಲಿ ಗುಲಾಮರಾಗಿದ್ದ ಜನ ನೆಪೋಲಿಯನ್ನನ ಸೇನೆಯನ್ನೇ ಸೋಲಿಸಿ, 1804ರ ಜನವರಿ 1ರಂದು ಸ್ವಾತಂತ್ರ್ಯ ಸಾರಿದರು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ಕೇಳಿದ. ತೋಟ ಕಳೆದುಕೊಂಡ ಫ್ರೆಂಚ್ ಮಾಲೀಕರಿಗೆ ಅದು ಪರಿಹಾರವಂತೆ! ಬಿಡುಗಡೆಯಾದ ಗುಲಾಮರ ಬೆಲೆಯೂ ಆ ಲೆಕ್ಕದಲ್ಲಿ ಸೇರಿತ್ತು. ತಲಾ 3 ಕೋಟಿಯ 5 ಕಂತು. ಮೊದಲ ಕಂತಿಗೇ ಖಜಾನೆಯಲ್ಲಿ ದುಡ್ಡಿರಲಿಲ್ಲ. ಪ್ಯಾರಿಸ್ಸಿನ ಬ್ಯಾಂಕುಗಳಿಂದ 3 ಕೋಟಿ ಸಾಲ ಎತ್ತಿದರು. ಬ್ಯಾಂಕಿನವರು ಮೊದಲೇ 60 ಲಕ್ಷ ಮುರಿದುಕೊಂಡು 2 ಕೋಟಿ 40 ಲಕ್ಷ ಕೊಟ್ಟರು, ತೀರಿಸಬೇಕಾದದ್ದು ಮಾತ್ರ ಪೂರ್ತಿ 3 ಕೋಟಿ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಸಾಲ ತೀರಿಸಲು ಮಾಡಿದ ಸಾಲಗಳ ಸರಪಳಿ ಮುಗಿದದ್ದು 1947ರಲ್ಲಿ.

ಇದನ್ನು ಕಟ್ಟಿದವರು ಯಾರು? ಕಾಫಿ ಬೆಳೆಗಾರರು. ಸರ್ಕಾರದ ಮುಖ್ಯ ಆದಾಯವೇ ಕಾಫಿ ರಫ್ತಿನ ಸುಂಕವಾಗಿತ್ತು. ರಫ್ತುದಾರ ಆ ಸುಂಕವನ್ನು ತನ್ನ ಲಾಭದಿಂದ ಕೊಡುತ್ತಿರಲಿಲ್ಲ, ಬೆಟ್ಟದ ರೈತನಿಗೆ ಕೊಡುವ ಬೆಲೆಯಲ್ಲೇ ಕಡಿತ ಮಾಡುತ್ತಿದ್ದ. ಹೀಗೆ ಬಂದ ಹಣ ರಸ್ತೆಗೂ ಶಾಲೆಗೂ ಹೋಗದೆ ಹಡಗು ಹತ್ತಿತು. 1914ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾ ಸೈನಿಕರು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ನ್ಯೂಯಾರ್ಕಿಗೆ ಸಾಗಿಸಿದರು. ಮರುವರ್ಷವೇ ದೇಶವನ್ನು ವಶಕ್ಕೆ ತೆಗೆದುಕೊಂಡು 1934ರವರೆಗೆ ಆಳಿದರು. 1957ರಿಂದ 1986ರವರೆಗೆ ಸರ್ವಾಧಿಕಾರಿಗಳಾಗಿದ್ದ ಡುವಾಲಿಯೇ ಅಪ್ಪ, ಮಗ ಖಜಾನೆಯನ್ನು ಮನೆಯ ತಿಜೋರಿ ಮಾಡಿಕೊಂಡರು.

ಬ್ಯಾಂಕಿನ ಮುಖ ಕಾಣದ ಹಳ್ಳಿಯವರು ಉಳಿತಾಯ ಇಡುತ್ತಿದ್ದದ್ದು ಹಂದಿಯಲ್ಲಿ. ಕ್ರಿಯೋಲ್ ತಳಿಯ ಕಪ್ಪು ಹಂದಿ ಅಡುಗೆಮನೆಯ ಕಸ, ಬಿದ್ದ ಮಾವಿನಹಣ್ಣು ತಿಂದುಕೊಂಡು ಬೆಳೆಯುತ್ತಿತ್ತು. ಶಾಲೆಯ ಫೀಸು, ಮದುವೆ, ಕಾಯಿಲೆಯ ಖರ್ಚಿಗೆ ಒಂದನ್ನು ಮಾರಿದರಾಯಿತು. 1978ರಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿತು. ಅಮೆರಿಕದ ಒತ್ತಾಯದಿಂದ, 80ರ ದಶಕದ ಆರಂಭದಲ್ಲಿ ದೇಶದ ಹಂದಿಗಳನ್ನೆಲ್ಲ ಕೊಂದುಹಾಕಲಾಯಿತು. ಬದಲಿಗೆ ತಂದ ಅಮೆರಿಕದ ಬಿಳಿ ಹಂದಿಗೆ ಶುದ್ಧ ನೀರು, ಕೊಂಡ ಮೇವು, ಸಿಮೆಂಟು ನೆಲದ ದೊಡ್ಡಿ ಬೇಕು. ಸಾಕುವವನಿಗೇ ಅಂಥ ಮನೆ ಇರಲಿಲ್ಲ.

ಹಂದಿ ಹೋದ ಮೇಲೆ ಕಷ್ಟಕಾಲಕ್ಕೆ ಉಳಿದದ್ದು ಮರ. ಊರುಗಳಲ್ಲಿ ಅಡುಗೆಗೆ ಇದ್ದಿಲೇ ಬೇಕು, ಅದಕ್ಕೆ ಯಾವ ಕಾಲದಲ್ಲೂ ಗಿರಾಕಿ ಇದ್ದಾರೆ. ಕಡಿದ ಕಟ್ಟಿಗೆಯನ್ನು ಒಟ್ಟಿ, ಸೊಪ್ಪು ಹೊದಿಸಿ, ಮೇಲೆ ಮಣ್ಣು ಮೆತ್ತಿ, ಸಣ್ಣ ಗಾಳಿಗಂಡಿ ಬಿಟ್ಟು ದಿನಗಟ್ಟಲೆ ನಿಧಾನವಾಗಿ ಸುಡುತ್ತಾರೆ. ಮಣ್ಣು ಬಿರುಕು ಬಿಟ್ಟು ಗಾಳಿ ನುಗ್ಗಿದರೆ ಎಲ್ಲ ಬೂದಿ. ಚೆನ್ನಾಗಿ ಸುಟ್ಟರೂ 100 ಕಿಲೋ ಕಟ್ಟಿಗೆಗೆ ಸಿಗುವ ಇದ್ದಿಲು 20 ಕಿಲೋ ದಾಟುವುದು ಕಷ್ಟ. ಮರ ಹೋದ ಇಳಿಜಾರಿನ ಮೇಲ್ಮಣ್ಣು ಮಳೆಗೆ ಕೊಚ್ಚಿ ಆರ್ತಿಬೊನಿತ್ ನದಿ ಸೇರುತ್ತದೆ. ಆ ನದಿಗೆ 1956ರಲ್ಲಿ ಕಟ್ಟಿದ ಪೆಲಿಗ್ರ್ ಅಣೆಕಟ್ಟಿನ ಜಲಾಶಯ ಈ ಹೂಳಿನಿಂದಲೇ ತುಂಬುತ್ತಾ ಬಂದು, ವಿದ್ಯುತ್ತಿಗೂ ಕೆಳಗಿನ ಗದ್ದೆಗಳಿಗೂ ಪೆಟ್ಟು ಬಿತ್ತು. ಇದ್ದಿಲು ಸುಡುವವನನ್ನು ಬೈದು ಪ್ರಯೋಜನವಿಲ್ಲ. ಅನೇಕರಿಗೆ ಜಮೀನಿನ ಪಕ್ಕಾ ದಾಖಲೆಯೇ ಇಲ್ಲ. ನಾಳೆ ಬೇರೆಯವರ ಪಾಲಾಗಬಹುದಾದ ನೆಲದಲ್ಲಿ ಯಾರು ತಾನೇ ಸಸಿ ನೆಟ್ಟು ಹತ್ತು ವರ್ಷ ಕಾಯುತ್ತಾರೆ?

ಆರ್ತಿಬೊನಿತ್ ಕಣಿವೆ ದೇಶದ ಭತ್ತದ ಕಣಜ. 80ರ ದಶಕದ ಮೊದಲ ಭಾಗದವರೆಗೆ ಹೈಟಿ ತನಗೆ ಬೇಕಾದ ಅಕ್ಕಿಯನ್ನು ಹೆಚ್ಚುಕಡಿಮೆ ತಾನೇ ಬೆಳೆದುಕೊಳ್ಳುತ್ತಿತ್ತು. 1995ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಷರತ್ತಿಗೆ ಒಪ್ಪಿ ಅಕ್ಕಿಯ ಆಮದು ಸುಂಕವನ್ನು ಶೇ. 50ರಿಂದ ಶೇ. 3ಕ್ಕೆ ಇಳಿಸಿದರು. ಸಬ್ಸಿಡಿ ಪಡೆದ ಅಮೆರಿಕದ ಅಕ್ಕಿ ಹಡಗುಗಟ್ಟಲೆ ಬಂದಿಳಿಯಿತು. ಅದಕ್ಕೆ ಜನರಿಟ್ಟ ಹೆಸರು ಮಯಾಮಿ ಅಕ್ಕಿ. ಕಾಲುವೆಯ ಹೂಳು ತೆಗೆಸಲೂ ದುಡ್ಡಿಲ್ಲದ ರೈತ ಆ ಬೆಲೆಗೆ ಹೇಗೆ ಮಾರಬೇಕು? ಗದ್ದೆ ಬಿಟ್ಟವರು ರಾಜಧಾನಿ ಪೋರ್ಟ್-ಓ-ಪ್ರಿನ್ಸಿನ ಕೊಳೆಗೇರಿ ಸೇರಿದರು. 2010ರ ಜನವರಿ 12ರ ಭೂಕಂಪದಲ್ಲಿ ಅಷ್ಟೊಂದು ಜನ ಸತ್ತದ್ದಕ್ಕೆ ಈ ಇಕ್ಕಟ್ಟೂ ಒಂದು ಕಾರಣ. ಅದಾದ ಎರಡು ತಿಂಗಳಿಗೆ, 1995ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್, ಈ ಅಕ್ಕಿ ನೀತಿ ತಪ್ಪಾಗಿತ್ತೆಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಈಗ ಹೈಟಿಯವರು ಉಣ್ಣುವ ಅಕ್ಕಿಯಲ್ಲಿ ಹೆಚ್ಚಿನ ಪಾಲು ಹೊರಗಿನದು, ಹಡಗಿನ ಬಾಡಿಗೆ ಏರಿದರೂ ಡಾಲರ್ ಏರಿದರೂ ತಟ್ಟೆಯ ಅನ್ನ ಕಡಿಮೆಯಾಗುತ್ತದೆ.

2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೋಯಿಸ್ ಕೊಲೆಯಾದ ಮೇಲೆ ಸುಂಕ ವಸೂಲಿ ಬಂದೂಕಿನವರ ಕೈಗೆ ಹೋಗಿದೆ. ಮಾದಾಂ ಸಾರಾ ಎಂದು ಕರೆಯುವ ವ್ಯಾಪಾರಿ ಹೆಂಗಸರು ಹಳ್ಳಿಯಿಂದ ಪೇಟೆಗೆ ಮೂಟೆ ತರುವಾಗ ದಾರಿಯುದ್ದಕ್ಕೂ ಗ್ಯಾಂಗುಗಳಿಗೆ ದುಡ್ಡು ಕಟ್ಟಬೇಕು. ಆ ಖರ್ಚು ರೈತನಿಗೆ ಸಿಗುವ ಬೆಲೆಯಲ್ಲಿ ಕಡಿತವಾಗಿ, ಕೊಳ್ಳುವವನ ಬೆಲೆಗೆ ಸೇರುತ್ತದೆ. 2024ರ ಅಕ್ಟೋಬರ್ 3ರಂದು ಇದೇ ಆರ್ತಿಬೊನಿತ್ ಸೀಮೆಯ ಪೋಂ-ಸೊಂದೆ ಊರಿಗೆ ಒಂದು ಗ್ಯಾಂಗು ನುಗ್ಗಿ 70ಕ್ಕೂ ಹೆಚ್ಚು ಜನರನ್ನು ಕೊಂದಿತು. ಸಾವಿರಾರು ಮಂದಿ ಮನೆ ಬಿಟ್ಟು ಓಡಿದರು.