ಸೋರಿಯಾಸಿಸ್‌ಗೆ ಬಯೋಲಾಜಿಕ್: ಮೊದಲ ಇಂಜೆಕ್ಷನ್, ಅದಕ್ಕಿಂತ ಮುಂಚಿನ ಟೆಸ್ಟ್‌ಗಳು

ಎಲ್ಲರಿಗೂ ನಮಸ್ಕಾರ. ಈ ಡಬ್ಬಿಯಲ್ಲಿರುವುದು ಸೆಕುಕಿನುಮ್ಯಾಬ್, ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆಗೆ ಕೊಡುವ ಬಯೋಲಾಜಿಕ್ ಇಂಜೆಕ್ಷನ್, ಅಂದರೆ ಜೀವಕೋಶಗಳಿಂದ ತಯಾರಿಸುವ ಪ್ರೋಟೀನ್ ಔಷಧಿ. ಇವತ್ತು ನನ್ನ ಮೊದಲ ಡೋಸ್. ಮುಲಾಮು, ಲೈಟ್ ಥೆರಪಿ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಎಲ್ಲ ಆಯಿತು. ಲಿವರ್ ರಿಪೋರ್ಟ್ ಏರುಪೇರಾದ ಮೇಲೆ ಚರ್ಮದ ಡಾಕ್ಟರ್ ಇದನ್ನು ಬರೆದರು.

ಮನೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ, ಇದು ಸ್ಟೀರಾಯ್ಡಾ? ಅಲ್ಲ. ಚರ್ಮದ ಜೀವಕೋಶ ಹುಟ್ಟಿ, ಮೇಲೆ ಬಂದು, ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇದ್ದವರಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ, ಅದಕ್ಕೇ ಹಾಗೆ ಪದರ ಪದರವಾಗಿ ಉದುರುವುದು. ಈ ಅವಸರಕ್ಕೆ ಕಾರಣವಾದ ಪ್ರೋಟೀನ್‌ಗಳಲ್ಲಿ ಒಂದು ಐಎಲ್-17ಎ. ಔಷಧಿ ಅದನ್ನು ಹಿಡಿದು ತಡೆಯುತ್ತದೆ. ಕಾಯಿಲೆ ಬೇರುಸಮೇತ ಹೋಗುವುದಿಲ್ಲ, ನಿಲ್ಲಿಸಿದರೆ ವಾಪಸ್ ಬರಬಹುದು. ಹೊಸ ಪ್ರಯೋಗ, ಬೇಡ ಅಂದರು ದೊಡ್ಡಪ್ಪ. ಇದಕ್ಕೆ ಅಮೆರಿಕದಲ್ಲಿ 2015ರಲ್ಲೇ ಒಪ್ಪಿಗೆ ಸಿಕ್ಕಿದೆ. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲೇ ಇಟೊಲಿಝುಮ್ಯಾಬ್ ಅನ್ನುವ ಬೇರೊಂದು ಬಯೋಲಾಜಿಕ್ ಅನ್ನು ಇದೇ ಕಾಯಿಲೆಗೆ ತಂದಿತ್ತು.

ನಾನು ಜಾಸ್ತಿ ಹೇಳಬೇಕಾಗಿರುವುದು ಟೆಸ್ಟ್‌ಗಳ ಬಗ್ಗೆ. ಎದೆಯ ಎಕ್ಸ್‌ರೇ, ಟಿಬಿಗೆ ಇಗ್ರಾ ಅನ್ನುವ ರಕ್ತಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಲಿವರ್. ನಮ್ಮ ದೇಶದಲ್ಲಿ ಟಿಬಿ ರೋಗಾಣು ಮೈಯೊಳಗೆ ಸುಮ್ನೆ ಮಲಗಿರುವವರು ತುಂಬಾ ಜನ. ಕೆಮ್ಮಿಲ್ಲ, ಜ್ವರವಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ದೇಹ ಆ ರೋಗಾಣುವಿನ ಸುತ್ತ ಒಂದು ಗೋಡೆ ಕಟ್ಟಿಕೊಂಡಿರುತ್ತದೆ, ಆ ಗೋಡೆ ಗಟ್ಟಿಯಾಗಿ ನಿಲ್ಲಲು ಟಿಎನ್‌ಎಫ್ ಅನ್ನುವ ಪ್ರೋಟೀನ್ ಬೇಕು, ಅಡಲಿಮುಮ್ಯಾಬ್ ತರಹದ ಬಯೋಲಾಜಿಕ್ ಅದನ್ನೇ ತಡೆಯುವುದರಿಂದ ಮಲಗಿದ್ದ ಟಿಬಿ ಎದ್ದುಬಿಡಬಹುದು. ನನ್ನ ಔಷಧಿಯಲ್ಲಿ ಆ ಅಪಾಯ ಕಡಿಮೆ. ಆದರೂ ಟೆಸ್ಟ್ ಬಿಡುವಂತಿಲ್ಲ.

ನನ್ನ ಇಗ್ರಾ ಪಾಸಿಟಿವ್ ಬಂತು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಅಂದರೆ ಟಿಬಿ ಕಾಯಿಲೆ ಇಲ್ಲ, ರೋಗಾಣು ಇದೆ. ಮೊದಲು ಟಿಬಿ ತಡೆಯುವ ಮಾತ್ರೆ ಶುರು ಮಾಡಿ, ಕೆಲವು ವಾರ ಕಳೆದ ಮೇಲೆ ಇಂಜೆಕ್ಷನ್ ಅಂದರು ಡಾಕ್ಟರ್. ಮೈಯೆಲ್ಲ ಉರಿಯುತ್ತಿರುವಾಗ ಇನ್ನೂ ಕಾಯಿರಿ ಅಂದರೆ ಅಳು ಬರುತ್ತದೆ, ನನಗೂ ಬಂತು. ಆದರೆ ಟೆಸ್ಟೇನೂ ಬೇಡ, ನಾಳೆಯೇ ಹಾಕಿಬಿಡೋಣ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಇನ್ನು ಇವತ್ತಿನದು. ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ನಲ್ಲಿ ಮಾತ್ರ ಬೇಡ. ಹಾಕುವ ಮುಂಚೆ ಸ್ವಲ್ಪ ಹೊತ್ತು ಹೊರಗಿಟ್ಟೆವು. 150 ಮಿಲಿಗ್ರಾಂನ ಎರಡು ಇಂಜೆಕ್ಷನ್, ಒಟ್ಟು 300. ಸೋರಿಯಾಸಿಸ್ ಪ್ಯಾಚ್ ಇರುವ ಚರ್ಮಕ್ಕೆ ಚುಚ್ಚುವಂತಿಲ್ಲ, ಹಾಗಾಗಿ ನನ್ನ ಹೊಟ್ಟೆಯಲ್ಲಿ, ತೊಡೆಯಲ್ಲಿ ಚೆನ್ನಾಗಿರುವ ಜಾಗ ಹುಡುಕಲು ನರ್ಸ್ ಅಕ್ಕನಿಗೆ ಚುಚ್ಚುವುದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಪಾಪ, ಎಷ್ಟು ತಾಳ್ಮೆಯಿಂದ ನೋಡಿದರು! ನೋವು ಇರುವೆ ಕಚ್ಚಿದಷ್ಟು. ಮೊದಲು ವಾರಕ್ಕೊಂದರಂತೆ ಐದು ಡೋಸ್, ಆಮೇಲೆ ತಿಂಗಳಿಗೊಮ್ಮೆ. ನೆಗಡಿ, ಗಂಟಲು ನೋವು ಬರಬಹುದು, ಬಾಯಲ್ಲಿ ಬಿಳಿ ಫಂಗಸ್ ಕಾಣಿಸಬಹುದು. ಜ್ವರ ಬಂದರೆ ಮುಂದಿನ ಡೋಸ್‌ಗೆ ಮುಂಚೆ ಡಾಕ್ಟರ್‌ಗೆ ಹೇಳಲೇಬೇಕು. ಕರುಳಿನ ಕ್ರೋನ್ಸ್ ಕಾಯಿಲೆ ಇದ್ದವರು ಅದನ್ನು ಮೊದಲೇ ತಿಳಿಸಿ, ಈ ಗುಂಪಿನ ಔಷಧಿಯಿಂದ ಅದು ಕೆರಳಬಹುದು.

ದುಡ್ಡಿನ ವಿಷಯ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಇಂಜೆಕ್ಷನ್ ಮೂಲಕ ಕೊಡುವ ಮೋನೋಕ್ಲೋನಲ್ ಆಂಟಿಬಾಡಿಯ (ಒಂದೇ ಗುರಿಯನ್ನು ಹಿಡಿಯುವಂತೆ ಲ್ಯಾಬ್‌ನಲ್ಲಿ ತಯಾರಿಸಿದ ಪ್ರೋಟೀನ್) ಹೆಸರಿತ್ತು, ನನ್ನ ಔಷಧಿಯೂ ಅದೇ ಜಾತಿಯದು. ನಿಮ್ಮ ಪಾಲಿಸಿಯಲ್ಲಿ ಆ ಸಾಲು ಹುಡುಕಿ, ಎಷ್ಟು ರೂಪಾಯಿವರೆಗೆ ಅಂತ ಮಿತಿ ಇದೆಯಾ ನೋಡಿ. ನಾನು ನನ್ನ ಪಾಲಿಸಿಯನ್ನು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ಗೆ ಕೊಟ್ಟು ಬಂದಿದ್ದೇನೆ. ಅವರು ಏನು ಹೇಳುತ್ತಾರೆ, ಯಾವ ಯಾವ ಪೇಪರ್ ಕೇಳುತ್ತಾರೆ ಅನ್ನುವುದನ್ನು ಮುಂದಿನ ವಿಡಿಯೋದಲ್ಲಿ ಪೂರ್ತಿ ತೋರಿಸುತ್ತೇನೆ.