ನರ್ಸ್‌ಗೆ ಸನ್ಮಾನ ಸರಿ, ಅಧಿಕಾರ ಎಲ್ಲಿ?

ನಮಸ್ಕಾರ. ಪ್ರತಿ ವರ್ಷ ಮೇ 12ಕ್ಕೆ ದಾದಿಯರ ದಿನ. ಹೂಗುಚ್ಛ ಕೊಡುತ್ತಾರೆ, ಕೇಕ್ ಕತ್ತರಿಸುತ್ತಾರೆ, 'ನಿಮ್ಮ ಸೇವೆಗೆ ಬೆಲೆ ಕಟ್ಟಲಾಗದು' ಅಂತ ಭಾಷಣ ಮಾಡುತ್ತಾರೆ. ಅವತ್ತೇ ರಾತ್ರಿ ಪಾಳಿಯ ಪಟ್ಟಿ ನೋಡಿ. ಇಡೀ ವಾರ್ಡಿಗೆ ಅದೇ ಇಬ್ಬರು.

ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ ಅದು, 1820ರಲ್ಲಿ. ನಮಗೆ ಅವರ ಕೈಯಲ್ಲಿದ್ದ ದೀಪ ಮಾತ್ರ ನೆನಪಿದೆ. ಆದರೆ ಅವರು ಲೆಕ್ಕ ಇಟ್ಟವರು. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಜಾಸ್ತಿ ಅಂತ ಅಂಕಿಅಂಶಗಳ ರೇಖಾಚಿತ್ರ ಬರೆದು ಬ್ರಿಟಿಷ್ ಸರ್ಕಾರದ ಮುಂದೆ ಇಟ್ಟರು. ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿಯ, ಅಂದರೆ ಸಂಖ್ಯಾಶಾಸ್ತ್ರ ಸಂಘದ, ಮೊದಲ ಮಹಿಳಾ ಸದಸ್ಯೆ ಅವರೇ. ಕರುಣೆಯ ಜೊತೆ ಹಟವೂ ಇತ್ತು. ನಾವು ಕರುಣೆಯನ್ನಷ್ಟೇ ಹೊಗಳಿ ಹಟವನ್ನು ಮರೆತಿದ್ದೇವೆ.

ಒಂದು ವಾರ್ಡ್ ಕಲ್ಪಿಸಿಕೊಳ್ಳಿ. ರಾತ್ರಿ ಎರಡು ಗಂಟೆ. ಸಂಜೆ ನಿಮಿಷಕ್ಕೆ 16 ಸಲ ಉಸಿರಾಡುತ್ತಿದ್ದ ರೋಗಿ ಈಗ 24 ಸಲ ಉಸಿರಾಡುತ್ತಿದ್ದಾರೆ. ಬಿಪಿ ಸರಿ ಇದೆ, ಜ್ವರ ಇಲ್ಲ. ಆದರೂ ಸಿಸ್ಟರ್‌ಗೆ ಏನೋ ಸರಿ ಇಲ್ಲ ಅನಿಸುತ್ತದೆ. ಅನುಭವದಿಂದ ಬಂದ ಅನುಮಾನ ಅದು. ಎಷ್ಟೋ ಸಲ ಮೊದಲು ಬದಲಾಗುವುದು ಉಸಿರೇ. ಈಗ ಅವರು ಯಾರನ್ನು ಎಬ್ಬಿಸಬೇಕು? ಬೈಸಿಕೊಳ್ಳಬೇಕಾಗುತ್ತದಾ ಅಂತ ಹಿಂದೆಮುಂದೆ ನೋಡಿದರೆ ರೋಗಿಯ ಜೀವಕ್ಕೇ ಕುತ್ತು, ಅಲ್ವಾ?

ಆಸ್ಟ್ರೇಲಿಯಾದ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ರೋಗಿಯ ಸ್ಥಿತಿ ಕೆಡುತ್ತಿದ್ದರೆ ನರ್ಸ್ ನೇರವಾಗಿ ತುರ್ತು ತಂಡವನ್ನು ಕರೆಯಬಹುದು. ಇಂಥ ತಂಡಗಳು ಈಗ ಎಷ್ಟೋ ದೇಶಗಳಲ್ಲಿವೆ. ಯಾವಾಗ ಕರೆಯಬೇಕು ಅನ್ನುವ ಪಟ್ಟಿಯಲ್ಲಿ ಪಲ್ಸ್, ಬಿಪಿ ಜೊತೆಗೆ ಹಲವು ಕಡೆ ಇನ್ನೊಂದು ಸಾಲೂ ಇರುತ್ತದೆ: ಸಿಬ್ಬಂದಿಗೆ ಆತಂಕ ಅನಿಸಿದರೆ ಸಾಕು. ನನ್ನ ಪಾಲಿಗೆ ವೃತ್ತಿಗೆ ಸಿಕ್ಕ ನಿಜವಾದ ಮನ್ನಣೆ ಆ ಒಂದು ಸಾಲು. ಯಾವ ಪ್ರಶಸ್ತಿ ಫಲಕವೂ ಅದರ ಮುಂದೆ ನಿಲ್ಲುವುದಿಲ್ಲ.

ಇನ್ನು ಸಿಬ್ಬಂದಿಯ ಲೆಕ್ಕ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಅವರ ತಂಡ ನಡೆಸಿದ ಅಧ್ಯಯನ 2002ರಲ್ಲಿ ಬಂತು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳು ಒಬ್ಬರು ಹೆಚ್ಚಾದಷ್ಟೂ, ಶಸ್ತ್ರಚಿಕಿತ್ಸೆ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರಿತ್ತು. ಅಂದರೆ ಪಾಳಿಗೆ ಎಷ್ಟು ಜನ ಅನ್ನುವುದೂ ಚಿಕಿತ್ಸೆಯ ಭಾಗವೇ. ಆದರೆ ಅದನ್ನು ತೀರ್ಮಾನಿಸುವ ಸಭೆಯಲ್ಲಿ ಹಣಕಾಸಿನವರು ಇರುತ್ತಾರೆ, ಡಾಕ್ಟರುಗಳು ಇರುತ್ತಾರೆ. ನರ್ಸಿಂಗ್ ಮುಖ್ಯಸ್ಥರನ್ನು ಎಷ್ಟೋ ಕಡೆ ಆಮೇಲೆ ಕರೆದು ಸುಮ್ನೆ ತಿಳಿಸುತ್ತಾರೆ. ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ. ಇಷ್ಟು ದೊಡ್ಡ ಪಡೆಗೆ ಮೇಜಿನ ಹತ್ತಿರ ಒಂದು ಕುರ್ಚಿ, ಒಂದು ಮತ ಕೇಳುವುದು ದುರಾಸೆಯಾ?

ನನ್ನನ್ನು ತುಂಬಾ ಕಾಡುವ ಮಾತು ಇನ್ನೊಂದಿದೆ. ಒಳ್ಳೆಯ ನರ್ಸ್‌ಗೆ ಬಡ್ತಿ ಸಿಕ್ಕಿತು ಅಂದರೆ ಬಹುಪಾಲು ಕಡೆ ಅವರು ರೋಗಿಯ ಪಕ್ಕದಿಂದ ಎದ್ದು ಕಚೇರಿಗೆ ಹೋದರು ಅಂತಲೇ ಅರ್ಥ. ಐಸಿಯುನಲ್ಲಿ ವರ್ಷಗಟ್ಟಲೆ ಪಳಗಿದ ಕೈ ರಜೆ ಅರ್ಜಿಗೆ ಸಹಿ ಹಾಕುತ್ತಾ ಕೂರುತ್ತದೆ. ವಾರ್ಡಿನಲ್ಲೇ ಇದ್ದುಕೊಂಡು ಹೊಸಬರಿಗೆ ಕಲಿಸುತ್ತಾ ಮೇಲೇರುವ ದಾರಿಯೂ ಇರಬೇಕು. ಆ ದಾರಿಯಲ್ಲಿ ಹೋದವರಿಗೆ ಕಚೇರಿಯಲ್ಲಿ ಕೂತವರಷ್ಟೇ ಸಂಬಳವೂ ಸಿಗಬೇಕು.